ಸೀನಿಗೂ ಒಂದು ಲೆಕ್ಕವಿರಲಿ

ಬೆಳಿಗ್ಗೆ ಎದ್ದೊಡನೆ ಸಾಲುಸೀನು, ಕಣ್ಣುರಿ ಆರಂಭವಾದರೆ ನಮ್ಮ ಮನೆಗಳಲ್ಲಿ ಮೊದಲು ದೂರುವುದು ಮೊಸರನ್ನು, ಅನಂತರ ತಲೆಸ್ನಾನವನ್ನು. ಗಾಳಿಯಲ್ಲಿ ತೇಲಿಬರುವ ಪರಾಗದ ಕಡೆಗೆ ನಾವು ಗಮನ ಕೊಡುವುದು ಅಪರೂಪ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿಯವರು ಸ್ವತಃ ಈ ಬಾಧೆಗೆ ಒಳಗಾದವರು. ಅಂಟು ಲೇಪಿಸಿದ ಗಾಜಿನ ಪಟ್ಟಿಗಳನ್ನು ಬಯಲಿನಲ್ಲಿರಿಸಿ, ಅವುಗಳ ಮೇಲೆ ಕೂತ ಪರಾಗಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ತಮ್ಮ ಸೀನಿನ ಏರಿಳಿತದೊಡನೆ ಹೋಲಿಸಿದರು. ಗಾಳಿಪಟಕ್ಕೂ ಪಟ್ಟಿ ಕಟ್ಟಿ ಹಾರಿಸಿದರೆಂದರೆ ಅವರ ಹಟವೆಂಥದಿರಬೇಕು! ಪರಾಗ ಹೆಚ್ಚಿದಂತೆ ಬಾಧೆಯೂ ಹೆಚ್ಚುವುದೆಂಬುದನ್ನು 1873ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಪರಾಗವನ್ನು ಎಣಿಸುವ ಸೌಕರ್ಯ ನಮ್ಮ ಊರುಗಳಲ್ಲಿ ಇಲ್ಲದಿದ್ದರೂ ಒಂದು ದಿನಚರಿ ಪುಸ್ತಕವಾದರೂ ಇದ್ದೀತು. ಸೀನು ಎಷ್ಟಿತ್ತು, ಗಾಳಿಯೋ ಮಳೆಯೋ, ಸುತ್ತಮುತ್ತ ಯಾವ ಗಿಡ ಹೂಬಿಟ್ಟಿತ್ತು, ಯಾವ ಮಾತ್ರೆ ನುಂಗಿದೆವು ಎಂಬುದನ್ನು ಪ್ರತಿದಿನ ಬರೆದಿಡಬೇಕು. ನೆಮ್ಮದಿಯಾಗಿದ್ದ ದಿನವನ್ನೂ ಬಿಡಬಾರದು. ಹೋಲಿಕೆಗೆ ಅದೇ ಆಧಾರ. ಹಿತ್ತಲಿನ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, ಬಿಳಿ ಹೂ ತಳೆದಾಗಲೆಲ್ಲ ಬಾಧೆ ಏರಿದ್ದರೆ ಸಂಶಯ ಬಲಗೊಳ್ಳುತ್ತದೆ. ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿದರೆ ಚರ್ಮಪರೀಕ್ಷೆಯಿಂದ ಅವರು ಖಚಿತಪಡಿಸಿಕೊಳ್ಳಬಲ್ಲರು. ಗಿಡವನ್ನು ಹೂಬಿಡುವ ಮುನ್ನವೇ ಕೀಳಿಸಬೇಕು. ಬರಿಗೈಯಲ್ಲಂತೂ ಕೂಡದು, ಸೀನುವವರು ಅತ್ತ ಸುಳಿಯಲೂ ಬಾರದು.

ಉಬ್ಬಸ, ಎದೆಬಿಗಿತ ಕಂಡಾಗ ಮಾತ್ರ ಬರೆಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.