ಜ್ವರ ಬಿಡಿಸಿದ್ದು ಯಾವುದು?

1957ರಲ್ಲಿ ಏಷ್ಯನ್ ಫ್ಲೂ ನಮ್ಮ ದೇಶವನ್ನು ಹೊಕ್ಕಾಗ ನಾನು ಒಂಬತ್ತು ವರ್ಷದ ಹುಡುಗ. ನಮ್ಮ ಮನೆಯಲ್ಲಿ ತಂದೆಯವರೂ ಪಕ್ಕದ ಮನೆಯಲ್ಲಿ ನನ್ನ ಗೆಳೆಯನ ತಾಯಿಯೂ ಒಂದೇ ವಾರ ಹಾಸಿಗೆ ಹಿಡಿದರು. ಅಜ್ಜಿ ಶುಂಠಿ, ಮೆಣಸು, ತುಳಸಿಗಳ ಕಷಾಯವನ್ನು ಒಂದೇ ಪಾತ್ರೆಯಲ್ಲಿ ಕಾಯಿಸಿ ಇಬ್ಬರಿಗೂ ಕೊಟ್ಟಳು. ತಂದೆಯವರು ಎದ್ದರು, ಆ ತಾಯಿ ಏಳಲಿಲ್ಲ. ತಂದೆಯವರನ್ನು ಉಳಿಸಿದ್ದು ಕಷಾಯವೆಂದು ಮನೆಯವರು ಬಹುಕಾಲ ಹೇಳುತ್ತಿದ್ದರು. ಹಾಗಾದರೆ ಅದು ಪಕ್ಕದ ಮನೆಯಲ್ಲಿ ಸೋತದ್ದೇಕೆ? ಈ ಪ್ರಶ್ನೆಯನ್ನು ನಾನು ಯಾರಲ್ಲಿಯೂ ಕೇಳಲಿಲ್ಲ.

ಔಷಧವನ್ನು ಅರಸುವ ಪ್ರಯೋಗಶಾಲೆ ಕೇಳುವುದು ಇಂಥದೇ ಪ್ರಶ್ನೆಯನ್ನು. ಇನ್‌ಫ್ಲೂಯೆಂಜಾ ವೈರಸ್ಸು ತಾನಾಗಿ ಬೆಳೆಯಲಾರದು. ಅದಕ್ಕೆ ಜೀವಕೋಶ ಬೇಕು. 1958ರಲ್ಲಿ ಮ್ಯಾಡಿನ್ ಮತ್ತು ಡಾರ್ಬಿ ಎಂಬ ವಿಜ್ಞಾನಿಗಳು ನಾಯಿಯೊಂದರ ಮೂತ್ರಪಿಂಡದಿಂದ ಬೆಳೆಸಿದ ಕೋಶಗಳ ಸಂತತಿ ಇಂದಿಗೂ ಈ ಕೆಲಸಕ್ಕೆ ಒದಗುತ್ತಿದೆ. ಸಣ್ಣ ತಟ್ಟೆಯ ತಳದಲ್ಲಿ ಈ ಕೋಶಗಳು ಚಾಪೆ ಹಾಸಿದಂತೆ ಹರಡಿಕೊಳ್ಳುತ್ತವೆ. ಅವುಗಳ ಮೇಲೆ ವೈರಸ್ಸನ್ನು ಬಿಟ್ಟು, ಅಗರ್ ಪದರವನ್ನು ಹೊದಿಸಿದರೆ, ವೈರಸ್ಸು ದೂರ ಹೋಗಲಾರದೆ ನೆರೆಯ ಕೋಶಗಳನ್ನೇ ಕೊಲ್ಲುತ್ತದೆ. ಕೆಲವು ದಿನಗಳ ಮೇಲೆ ಬಣ್ಣ ಹಾಕಿದಾಗ ಬದುಕಿದ ಕೋಶಗಳು ಬಣ್ಣ ಹಿಡಿಯುತ್ತವೆ. ಸತ್ತ ಜಾಗಗಳು ಬಣ್ಣವಿಲ್ಲದ ಚುಕ್ಕೆಗಳಾಗಿ ಕಾಣುತ್ತವೆ. ಔಷಧ ಬೆರೆಸಿದ ತಟ್ಟೆಯಲ್ಲಿ ಚುಕ್ಕೆಗಳು ಕಡಮೆಯಾದುವೆ? ಎಣಿಸಿದರೆ ಸಾಕು.

ಸಾಕೆ? ಸಾಲದು. ಅದರ ಪಕ್ಕದಲ್ಲಿ ಇನ್ನೆರಡು ತಟ್ಟೆಗಳಿರಲೇಬೇಕು. ಒಂದರಲ್ಲಿ ವೈರಸ್ಸುಂಟು, ಔಷಧವಿಲ್ಲ. ಇನ್ನೊಂದರಲ್ಲಿ ಔಷಧವುಂಟು, ವೈರಸ್ಸಿಲ್ಲ. ಔಷಧವಿಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ಮೊದಲನೆಯದು ತಿಳಿಸುತ್ತದೆ. ಔಷಧವೇ ಕೋಶವನ್ನು ಕೊಲ್ಲುವುದೇ ಎಂಬುದನ್ನು ಎರಡನೆಯದು ತಿಳಿಸುತ್ತದೆ. ಇಲಿ ಹೆಚ್ಚಿತೆಂದು ಮನೆಗೆ ಬೆಂಕಿಯಿಟ್ಟರೆ ಇಲಿಯೇನೋ ಸಾಯುತ್ತದೆ. ಅಂಥ ಔಷಧ ಯಾರಿಗೆ ಬೇಕು?

ಈ ಜರಡಿಯಲ್ಲಿ ಉಳಿಯುವುವು ಕೆಲವೇ. ಜಪಾನಿನ ತೊಯಾಮಾ ಸಂಸ್ಥೆ ತನ್ನ ರಾಸಾಯನಿಕಗಳ ಸಂಗ್ರಹವನ್ನು ಹೀಗೆ ಜರಡಿ ಹಿಡಿದೇ ಫಾವಿಪಿರವಿರ್ ಎಂಬ ಔಷಧದ ಜಾಡು ಹಿಡಿಯಿತು. 2014ರಲ್ಲಿ ಅಲ್ಲಿ ಅದಕ್ಕೆ ನಿಬಂಧನೆಗಳೊಡನೆ ಅನುಮತಿ ದೊರೆಯಿತು. ಗೆದ್ದ ಔಷಧವೂ ನಿಶ್ಚಿಂತವಾಗಿರುವಂತಿಲ್ಲ. 1966ರಲ್ಲಿ ಅಮೆರಿಕದಲ್ಲಿ ಫ್ಲೂ ತಡೆಗೆಂದು ಅನುಮತಿ ಪಡೆದ ಅಮಾಂಟಡಿನ್‌ಗೆ ವೈರಸ್ಸು ಕ್ರಮೇಣ ಮಣಿಯದಾಯಿತು. 2006ರಲ್ಲಿ ಅಲ್ಲಿನ ಆರೋಗ್ಯಾಧಿಕಾರಿಗಳೇ ಫ್ಲೂಗೆ ಅದನ್ನು ಬಳಸಬೇಡಿರೆಂದರು. ಮೇಲಾಗಿ, ತಟ್ಟೆಯಲ್ಲಿ ಗೆದ್ದದ್ದು ಮನುಷ್ಯನಲ್ಲಿಯೂ ಗೆಲ್ಲಬೇಕೆಂಬ ನಿಯಮವಿಲ್ಲ. ಅಲ್ಲಿಯೂ ಮತ್ತೆ ಔಷಧ ಪಡೆದವರನ್ನು ಪಡೆಯದವರೊಡನೆ ಹೋಲಿಸಿಯೇ ನೋಡಬೇಕು.

ಅಜ್ಜಿಯ ಕಷಾಯವನ್ನು ನಾನು ಹೀಯಾಳಿಸಲಾರೆ; ಅವಳು ರಾತ್ರಿಯೆಲ್ಲ ಎದ್ದು ಕುಳಿತು ಅದನ್ನು ಗುಟುಕುಗುಟುಕಾಗಿ ಕುಡಿಸಿದುದನ್ನು ಕಂಡಿದ್ದೇನೆ. ಆದರೆ ಕಷಾಯ ಕುಡಿಯದಿದ್ದರೂ ತಂದೆಯವರು ಎದ್ದೇಳುತ್ತಿದ್ದರೆ? ಅದನ್ನು ಹೇಳಬಲ್ಲ ಪಕ್ಕದ ತಟ್ಟೆ ನಮ್ಮ ಮನೆಯಲ್ಲಿರಲಿಲ್ಲ.