ಅಕ್ರಮ ಡ್ರೋನ್‌ಗಳ ಪತ್ತೆ ಮತ್ತು ತಡೆ

2018ರ ಡಿಸೆಂಬರ್ 19ರ ರಾತ್ರಿ ಲಂಡನ್ ಸಮೀಪದ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಡ್ರೋನ್ ಕಾಣಿಸಿತೆಂಬ ವರದಿ ಬಂತು. ಕೂಡಲೇ ರನ್‌ವೇಯನ್ನು ಮುಚ್ಚಲಾಯಿತು. ಮುಂದಿನ ಎರಡು ದಿನಗಳಲ್ಲಿ ಸುಮಾರು 1,000 ವಿಮಾನಗಳ ಸಂಚಾರ ಅಸ್ತವ್ಯಸ್ತವಾಗಿ, 1,40,000ದಷ್ಟು ಪ್ರಯಾಣಿಕರು ತೊಂದರೆಗೊಳಗಾದರು. 2019ರಲ್ಲಿ ತನಿಖೆ ಮುಗಿದಾಗಲೂ ತಪ್ಪಿತಸ್ಥರು ಸಿಕ್ಕಿರಲಿಲ್ಲ. 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ಗಳು ಸ್ಫೋಟಕಗಳನ್ನು ಬೀಳಿಸಿದವು. ಇಬ್ಬರು ಸಿಬ್ಬಂದಿ ಗಾಯಗೊಂಡರು.

ನೂರಾರು ಕಿಲೋಮೀಟರ್ ದೂರದ ವಿಮಾನವನ್ನು ಗುರುತಿಸುವ ರೇಡಾರಿಗೆ ಹತ್ತಿರದ ಡ್ರೋನ್ ಏಕೆ ಕಾಣದು? ಕಂಡರೂ ಅದನ್ನು ತಕ್ಷಣ ಕೆಡವಬಾರದೇಕೆ? ಎರಡು ಪ್ರಶ್ನೆಗಳಿಗೂ ಭೌತವಿಜ್ಞಾನದಲ್ಲಿ ಉತ್ತರವಿದೆ.

ದೂರದ ನಾಲ್ಕನೆಯ ಘಾತ

ರೇಡಾರ್ ಕಳುಹಿಸುವ ರೇಡಿಯೊ ತರಂಗಗಳು ಹರಡುತ್ತ ಸಾಗುವುದರಿಂದ ಅವುಗಳ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ವಸ್ತುವಿನಿಂದ ಚದರಿ ಹಿಂದಿರುಗುವ ಪ್ರತಿಧ್ವನಿಯೂ ಹೀಗೆಯೇ ಕುಗ್ಗುತ್ತದೆ. ಆದ್ದರಿಂದ ರೇಡಾರಿಗೆ ಮರಳುವ ಸಾಮರ್ಥ್ಯವು ದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ವಸ್ತು ಎಷ್ಟು 'ದೊಡ್ಡದಾಗಿ' ಕಾಣುತ್ತದೆ ಎಂಬುದನ್ನು ರೇಡಾರ್ ಅಡ್ಡಕೊಯ್ತ ಎಂಬ ರಾಶಿ ಸೂಚಿಸುತ್ತದೆ. ವಿಮಾನವೊಂದರ ಅಡ್ಡಕೊಯ್ತ 10 ಚದರ ಮೀಟರ್, ಸಣ್ಣ ಡ್ರೋನಿನದು 0.01 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 1,000 ಪಟ್ಟು. ಇದರ ನಾಲ್ಕನೆಯ ಮೂಲ ಸುಮಾರು 5.6. ಅಂದರೆ ವಿಮಾನವನ್ನು 100 ಕಿ.ಮೀ. ದೂರದಿಂದ ಗುರುತಿಸುವ ರೇಡಾರ್ ಡ್ರೋನನ್ನು ಹೆಚ್ಚೆಂದರೆ 18 ಕಿ.ಮೀ.ನಿಂದ ಗುರುತಿಸಬಲ್ಲದು. ಇದೂ ಆದರ್ಶ ಸ್ಥಿತಿಯ ಮಾತು. ತಗ್ಗಿನಲ್ಲಿ ನಿಧಾನವಾಗಿ ಹಾರುವ ಡ್ರೋನಿನ ಪ್ರತಿಧ್ವನಿ ಮರ, ಕಟ್ಟಡ, ವಾಹನಗಳ ಪ್ರತಿಧ್ವನಿಯಲ್ಲಿ ಕಲೆತುಹೋಗುತ್ತದೆ.

ಹಕ್ಕಿಯೋ, ಡ್ರೋನೋ?

ಇಲ್ಲಿ ನೆರವಾಗುವುದು ಡಾಪ್ಲರ್ ಪರಿಣಾಮ. ರೇಡಾರಿನ ಆವೃತ್ತಿ 10 ಗಿಗಾಹರ್ಟ್ಸ್ ಇದ್ದರೆ ತರಂಗದೂರ 3 ಸೆ.ಮೀ. ವಸ್ತು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ರೇಡಾರಿನತ್ತ ಬಂದರೆ ಆವೃತ್ತಿಯಲ್ಲಾಗುವ ಪಲ್ಲಟ, ವೇಗದ ಎರಡರಷ್ಟನ್ನು ತರಂಗದೂರದಿಂದ ಭಾಗಿಸಿದಾಗ ಬರುವ 1,000 ಹರ್ಟ್ಸ್. ಅಷ್ಟೇ ವೇಗದ ಹಕ್ಕಿಯೂ ಇದೇ ಪಲ್ಲಟವನ್ನು ಕೊಡುತ್ತದೆ. ಆದರೆ ಡ್ರೋನಿಗೆ ತಿರುಗುವ ರೆಕ್ಕೆಗಳಿವೆಯಲ್ಲ! 12 ಸೆ.ಮೀ. ಉದ್ದದ ಅಲಗು ಸೆಕೆಂಡಿಗೆ 100 ಸುತ್ತು ತಿರುಗಿದರೆ ಅದರ ತುದಿಯ ವೇಗ ಸೆಕೆಂಡಿಗೆ ಸುಮಾರು 75 ಮೀಟರ್. ಇದರಿಂದ ಮುಖ್ಯ ಪಲ್ಲಟದ ಎರಡೂ ಬದಿಗೆ 5,000 ಹರ್ಟ್ಸ್‌ವರೆಗೆ ಹರಡಿದ ಕ್ಷೀಣ ಸಂಕೇತಗಳು ಮೂಡುತ್ತವೆ. ಸೆಕೆಂಡಿಗೆ ಕೆಲವೇ ಬಾರಿ ರೆಕ್ಕೆ ಬಡಿಯುವ ಹಕ್ಕಿಯಿಂದ ಇಂಥ ಗುರುತು ಬಾರದು. ಇದೇ ಸೂಕ್ಷ್ಮ ಡಾಪ್ಲರ್ ವಿಧಾನ.

ಡ್ರೋನ್ ಮತ್ತು ಅದರ ಚಾಲಕನ ನಡುವಣ ರೇಡಿಯೊ ಸಂಪರ್ಕವನ್ನು, ಸಾಮಾನ್ಯವಾಗಿ 2.4 ಅಥವಾ 5.8 ಗಿಗಾಹರ್ಟ್ಸ್, ಆಲಿಸುವುದು ಇನ್ನೊಂದು ಮಾರ್ಗ. ಎರಡು ಕಡೆಗಳಿಂದ ಸಂಕೇತದ ದಿಕ್ಕನ್ನು ಅಳೆದರೆ ಚಾಲಕನ ನೆಲೆಯೂ ತಿಳಿಯುತ್ತದೆ. ಅತಿಕೆಂಪು ಕ್ಯಾಮೆರಾ ಮತ್ತು ಧ್ವನಿಗ್ರಾಹಕಗಳು ಸಮೀಪದಲ್ಲಿ ಇದನ್ನು ಖಚಿತಪಡಿಸುತ್ತವೆ.

ತಡೆಯುವುದು ಹೇಗೆ?

ಪ್ರಬಲ ರೇಡಿಯೊ ಗದ್ದಲವನ್ನು ಎರಚಿ ಚಾಲಕನ ಆದೇಶ ತಲುಪದಂತೆ ಮಾಡಬಹುದು. ಜಿಪಿಎಸ್ ಸಂಕೇತವನ್ನು ಮುಚ್ಚಿಹಾಕುವುದು ಇನ್ನೂ ಸುಲಭ. ಸುಮಾರು 20,200 ಕಿ.ಮೀ. ಎತ್ತರದಿಂದ ಬರುವ ಈ ಸಂಕೇತದ ಸಾಮರ್ಥ್ಯ ನೆಲದ ಬಳಿ ಕೇವಲ 10⁻¹⁶ ವಾಟ್‌ನಷ್ಟು. ತೊಡಕೂ ಇಲ್ಲಿಯೇ ಇದೆ. ಇಳಿಯುತ್ತಿರುವ ಪ್ರಯಾಣಿಕ ವಿಮಾನವೂ ಅದೇ ಸಂಕೇತವನ್ನು ಬಳಸುತ್ತಿರಬಹುದು! ಆದ್ದರಿಂದ ವಿಮಾನ ನಿಲ್ದಾಣದಲ್ಲಿ ಈ ಉಪಾಯವನ್ನು ಮನಬಂದಂತೆ ಬಳಸುವಂತಿಲ್ಲ.

ಹೊಡೆದುರುಳಿಸಿದರೆ? 1.5 ಕಿಲೋಗ್ರಾಮಿನ ಡ್ರೋನ್ 100 ಮೀಟರ್ ಎತ್ತರದಿಂದ ಬಿದ್ದರೆ, ಗಾಳಿಯ ತಡೆಯನ್ನು ಲೆಕ್ಕಿಸದಿದ್ದಲ್ಲಿ, ಸೆಕೆಂಡಿಗೆ 44 ಮೀಟರ್ ವೇಗದಿಂದ ನೆಲಕ್ಕಪ್ಪಳಿಸುತ್ತದೆ. ಜನಸಂದಣಿಯ ಮೇಲೆ ಅದು ಮಾರಕವಾಗಬಲ್ಲದು. ಗುಂಡಿನ ಬದಲು ಬಲೆ ಎಸೆದು ಹಿಡಿಯುವ ಪ್ರಯತ್ನಗಳಿಗೆ ಇದೇ ಕಾರಣ. ಲೇಸರ್ ಕಿರಣವು ಡ್ರೋನಿನ ಮೈಯನ್ನು ಕಾಯಿಸಿ ಕೆಡವುತ್ತದೆ. ಮಂಜು, ದೂಳು ಇದ್ದರೆ ಕಿರಣ ಚದರಿ ದುರ್ಬಲವಾಗುತ್ತದೆ.

ನಮ್ಮ ದೇಶದಲ್ಲಿ

ಹೈದರಾಬಾದ್, ಡೆಹ್ರಾಡೂನ್ ಮತ್ತು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯಗಳು ಕೂಡಿ ರೇಡಾರ್, ಕ್ಯಾಮೆರಾ, ರೇಡಿಯೊ ತಡೆ ಮತ್ತು ಲೇಸರ್‌ಗಳನ್ನು ಒಂದೇ ವ್ಯವಸ್ಥೆಯಲ್ಲಿ ಜೋಡಿಸಿವೆ. ಇದನ್ನು ಪಡೆಯಲು ನೌಕಾಪಡೆಯು 2021ರ ಆಗಸ್ಟ್ 31ರಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. 2025ರ ಏಪ್ರಿಲ್ 13ರಂದು ಕರ್ನೂಲಿನಲ್ಲಿ 30 ಕಿಲೋವಾಟ್ ದರ್ಜೆಯ ಲೇಸರ್ ಅಸ್ತ್ರದ ಪ್ರದರ್ಶನ ನಡೆಯಿತು.

ಆದರೆ ಯಾವ ಉಪಾಯವೂ ಪರಿಪೂರ್ಣವಲ್ಲ. ಉಕ್ರೇನ್ ಯುದ್ಧದಲ್ಲಿ ಬೆಳಕಿನ ತಂತುವಿನ ಎಳೆಯನ್ನು ಬಿಚ್ಚುತ್ತ ಹಾರುವ ಡ್ರೋನ್‌ಗಳು ಬಳಕೆಗೆ ಬಂದಿವೆ. ಇವು ರೇಡಿಯೊ ಆದೇಶವನ್ನು ಅವಲಂಬಿಸುವುದಿಲ್ಲವಾದ್ದರಿಂದ, ಆಲಿಸುವ ಉಪಕರಣಕ್ಕೆ ಕೇಳುವುದೂ ಇಲ್ಲ, ರೇಡಿಯೊ ಗದ್ದಲಕ್ಕೆ ಬಗ್ಗುವುದೂ ಇಲ್ಲ. ಒಂದು ಸಾಧನ ಸೋತಲ್ಲಿ ಮತ್ತೊಂದು ಗೆಲ್ಲುವಂತೆ ಹಲವನ್ನು ಹೆಣೆಯುವುದೇ ಸದ್ಯಕ್ಕೆ ಉಳಿದಿರುವ ದಾರಿ.