ಮನೆಯಲ್ಲಿ ಓದುವ ಮಗುವಿಗೆ ಸರ್ಕಾರಿ ಶಾಲೆಯ ತಂಡದಲ್ಲಿ ಜಾಗ ಕೊಡಬೇಕಾ?

ಅಮೆರಿಕದ ಹಲವು ರಾಜ್ಯಗಳ ಶಾಸನಸಭೆಗಳಲ್ಲಿ ‘ಟಿಬೋ ಮಸೂದೆ’ ಅನ್ನೋ ಹೆಸರು ಆಗಾಗ ಕೇಳಿಬರುತ್ತೆ. ಟಿಮ್ ಟಿಬೋ ಮನೆಯಲ್ಲೇ ಓದಿ ಬೆಳೆದ ಹುಡುಗ. ಆದರೆ ಫ್ಲೋರಿಡಾದ ನೀಸ್ ಹೈಸ್ಕೂಲ್ ಎಂಬ ಸರ್ಕಾರಿ ಶಾಲೆಯ ಫುಟ್‌ಬಾಲ್ ತಂಡದಲ್ಲಿ (ನಮ್ಮ ಫುಟ್‌ಬಾಲ್ ಅಲ್ಲ, ಕೈಯಲ್ಲಿ ಹಿಡಿದು ಓಡುವ ಅವರದು) ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ. ಮುಂದೆ 2007ರಲ್ಲಿ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಪ್ರಶಸ್ತಿಯಾದ ಹೈಸ್ಮನ್ ಟ್ರೋಫಿ ಗೆದ್ದ. ಪದವಿಯ ಎರಡನೇ ವರ್ಷದಲ್ಲೇ ಅದನ್ನು ಗೆದ್ದ ಮೊದಲಿಗ ಅವನು.

ಇದೆಲ್ಲ ಸಾಧ್ಯವಾಗಿದ್ದು ಫ್ಲೋರಿಡಾ 1996ರಲ್ಲಿ ತಂದ ಒಂದು ಕಾನೂನಿನಿಂದ. ಹೋಮ್‌ಸ್ಕೂಲ್ ಮಕ್ಕಳು ತಮ್ಮ ವ್ಯಾಪ್ತಿಯ ಸರ್ಕಾರಿ ಶಾಲೆಯ ಆಟ, ಬ್ಯಾಂಡ್, ಇತರ ಪಠ್ಯೇತರ ಚಟುವಟಿಕೆಗಳಲ್ಲಿ ಭಾಗವಹಿಸಬಹುದು ಅಂತ ಆ ಕಾನೂನು ಹೇಳುತ್ತೆ. ಎಲ್ಲ ರಾಜ್ಯಗಳೂ ಇದನ್ನು ಒಪ್ಪಿಲ್ಲ. ವರ್ಜೀನಿಯಾದಲ್ಲಿ ಇಂಥದ್ದೇ ಮಸೂದೆಯನ್ನು ಗವರ್ನರ್ ಟೆರಿ ಮೆಕಾಲಿಫ್ 2015, 2016, 2017ರಲ್ಲಿ ಸತತ ಮೂರು ಸಲ ವೀಟೋ ಮಾಡಿದರು. ಟೆಕ್ಸಸ್ 2021ರಲ್ಲಿ ಅವಕಾಶ ಕೊಟ್ಟಿತು, ಆದರೆ ಬೇಕೋ ಬೇಡವೋ ಅನ್ನೋ ತೀರ್ಮಾನವನ್ನು ಆಯಾ ಶಾಲಾ ಜಿಲ್ಲೆಗೆ ಬಿಟ್ಟಿತು.

ಪೋಷಕರ ವಾದ ಸರಳ. ಅಲ್ಲಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಮನೆಯ ಆಸ್ತಿ ತೆರಿಗೆಯಿಂದ ಬರುತ್ತೆ. ‘ತೆರಿಗೆ ನಾವೂ ಕಟ್ತೀವಿ, ಮೈದಾನ ಯಾಕೆ ನಮ್ಮ ಮಗುವಿಗೆ ಇಲ್ಲ?’ ಕೇಳೋಕೆ ನ್ಯಾಯವಾಗೇ ಇದೆ. ಆದರೆ ಈ ತರ್ಕವನ್ನು ಸ್ವಲ್ಪ ಎಳೆದರೆ ಹರಿಯುತ್ತೆ. ಮಕ್ಕಳೇ ಇಲ್ಲದವರೂ ಅದೇ ತೆರಿಗೆ ಕಟ್ತಾರೆ. ಶಾಲೆ ಎಂಬುದು ಕಟ್ಟಿದವರಿಗೆ ಕಟ್ಟಿದಷ್ಟು ವಾಪಸ್ ಕೊಡುವ ಚೀಟಿ ಫಂಡ್ ಅಲ್ಲ.

ಶಾಲೆಗಳ ಕಡೆಯ ಅಸಲಿ ತಕರಾರು ಹಾಜರಿ ಲೆಕ್ಕದಲ್ಲಿದೆ. ಬಹುತೇಕ ರಾಜ್ಯಗಳ ಅನುದಾನ ಬರೋದು ದಾಖಲಾದ ಮಕ್ಕಳ ತಲೆ ಎಣಿಸಿ. ಒಕ್ಲಹೋಮಾದ ಗತ್ರಿ ಎಂಬ ಊರಿನಲ್ಲಿ ಇದೇ ಜಗಳ ಕೋರ್ಟ್ ಮೆಟ್ಟಿಲೇರಿತ್ತು. ಮನೆಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಏಳನೇ ತರಗತಿಯ ಎರಡೇ ಪಾಠಗಳಿಗೆ ಶಾಲೆಗೆ ಬರ್ತಿದ್ದಳು. ಆಮೇಲೆ ಶಾಲಾ ಮಂಡಳಿ ‘ಬಂದರೆ ಪೂರ್ತಿ ಬನ್ನಿ, ಅರೆಬರೆ ಬೇಡ’ ಅನ್ನೋ ನಿಯಮ ತಂದಿತು. ಅರೆಕಾಲಿಕ ಮಕ್ಕಳಿಗೆ ರಾಜ್ಯದಿಂದ ಹಣ ಬರಲ್ಲ ಅನ್ನೋದು ಮಂಡಳಿಯ ಕಾರಣ. ಇದು ಧಾರ್ಮಿಕ ಸ್ವಾತಂತ್ರ್ಯಕ್ಕೆ, ಮಕ್ಕಳನ್ನು ಬೆಳೆಸುವ ತಮ್ಮ ಹಕ್ಕಿಗೆ ಧಕ್ಕೆ ಅಂತ ಪೋಷಕರು ವಾದಿಸಿದರು. 1998ರಲ್ಲಿ ಹತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಶಾಲೆಯ ಪರ ನಿಂತಿತು. ಮಗುವನ್ನು ಎಲ್ಲಿ ಓದಿಸಬೇಕು ಅನ್ನೋದು ಪೋಷಕರ ಹಕ್ಕು. ಸರ್ಕಾರಿ ಶಾಲೆಯಿಂದ ತಮಗೆ ಬೇಕಾದ ಪಾಠ ಮಾತ್ರ ಆರಿಸಿಕೊಳ್ಳೋದು ಆ ಹಕ್ಕಿನೊಳಗೆ ಬರಲ್ಲ. ತೀರ್ಪಿನ ಸಾರ ಇಷ್ಟು. ಹಾಗಾಗಿ ಸಂವಿಧಾನದ ಬಾಗಿಲು ಬಡಿದು ಪ್ರಯೋಜನ ಕಡಿಮೆ, ರಾಜ್ಯದ ಶಾಸನವೇ ಬೇಕು. ಐಯೋವಾದಂಥ ರಾಜ್ಯಗಳು ಮನೆ ಮತ್ತು ಶಾಲೆ ಎರಡರಲ್ಲೂ ದಾಖಲಾಗೋ ವ್ಯವಸ್ಥೆಯನ್ನು ಕಾನೂನಿನಲ್ಲೇ ಬರೆದುಕೊಂಡಿವೆ.

ಇನ್ನೊಂದು ತಕರಾರು ಕೋಚ್‌ಗಳದ್ದು. ಶಾಲೆಯ ಮಗು ಗಣಿತದಲ್ಲಿ ಫೇಲಾದರೆ ತಂಡದಿಂದ ಹೊರಗೆ. ಮನೆಯಲ್ಲಿ ಓದುವವನಿಗೆ ಮಾರ್ಕ್ಸ್ ಹಾಕೋದು ಅಮ್ಮ! ಹಾಗಾದರೆ ಫೇಲಾದ ಆಟಗಾರ ಸೋಮವಾರ ಶಾಲೆ ಬಿಟ್ಟು, ಮಂಗಳವಾರದಿಂದ ‘ಹೋಮ್‌ಸ್ಕೂಲ್’ ಅಂತ ಹೇಳಿ ಆಡ್ತಾನೇ ಇರಬಹುದಲ್ಲ? ಫ್ಲೋರಿಡಾ ಇದನ್ನು ಯೋಚಿಸಿತ್ತು. ಅಂಕ ಸಾಲದೆ ಅನರ್ಹನಾಗಿ ಹೊರಬಂದವನು ಮನೆಯಲ್ಲಿ ಒಂದು ಗ್ರೇಡಿಂಗ್ ಅವಧಿ ಮುಗಿಸೋವರೆಗೂ ಆಡೋ ಹಾಗಿಲ್ಲ. ನನಗೆ ಇದು ಸರಿಯಾದ ದಾರಿ ಅನಿಸುತ್ತೆ. ದುರುಪಯೋಗ ಆಗಬಹುದು ಅಂತ ಬಾಗಿಲನ್ನೇ ಮುಚ್ಚೋ ಬದಲು, ದುರುಪಯೋಗದ ಕಿಂಡಿ ಮುಚ್ಚಿದರೆ ಸಾಕು.

ವಿಚಿತ್ರ ಅಂದ್ರೆ, ಇದನ್ನು ವಿರೋಧಿಸುವವರು ಹೋಮ್‌ಸ್ಕೂಲರ್‌ಗಳ ಒಳಗೂ ಇದ್ದಾರೆ. ಇವತ್ತು ಜೆರ್ಸಿ ಕೊಟ್ಟವರು ನಾಳೆ ಪರೀಕ್ಷೆ, ತಪಾಸಣೆ ಅಂತ ಬರ್ತಾರೆ ಅನ್ನೋ ಭಯ ಅವರದು. ಭಯ ಪೂರ್ತಿ ಸುಳ್ಳಲ್ಲ. ಸೌಲಭ್ಯ ಬೇಕು, ಲೆಕ್ಕ ಒಪ್ಪಿಸೋಕೆ ಮಾತ್ರ ಆಗಲ್ಲ ಅಂದ್ರೆ ಹೇಗೆ?

ಟಿಬೋ ಹೆಸರಿನ ಗದ್ದಲದಲ್ಲಿ ಮರೆಯಾಗುವ ಒಂದು ಗುಂಪಿದೆ: ಅಂಗವೈಕಲ್ಯ ಇರುವ ಮಕ್ಕಳು. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ, ಇಂಥ ಮಕ್ಕಳನ್ನು ಗುರುತಿಸುವ, ಮೌಲ್ಯಮಾಪನ ಮಾಡುವ ಹೊಣೆ ಸರ್ಕಾರದ್ದು. ಆದರೆ ಮಾತು ತೊದಲುವ ಮಗುವಿಗೆ ಸ್ಪೀಚ್ ಥೆರಪಿ ಸಿಗುತ್ತಾ? ಅದು ಆ ರಾಜ್ಯ ಹೋಮ್‌ಸ್ಕೂಲನ್ನು ಖಾಸಗಿ ಶಾಲೆ ಅಂತ ಪರಿಗಣಿಸುತ್ತೋ ಇಲ್ಲವೋ ಅನ್ನೋದರ ಮೇಲೆ ನಿಂತಿದೆ. ಗಡಿ ದಾಟಿದರೆ ಉತ್ತರವೂ ಬದಲು. ಎಷ್ಟೋ ಸಲ ಶಾಲೆಯಲ್ಲಿ ಹೊಂದಿಕೊಳ್ಳಲಾಗದೆ ಮನೆಗೆ ಬಂದ ಮಕ್ಕಳೇ ಇವರು. ನನ್ನ ಲೆಕ್ಕದಲ್ಲಿ ಫುಟ್‌ಬಾಲಿಗಿಂತ ಮೊದಲು ತೀರ್ಮಾನ ಆಗಬೇಕಾದ್ದು ಇದು.

ಬೆಂಗಳೂರಿನಲ್ಲೂ ಮಕ್ಕಳನ್ನು ಮನೆಯಲ್ಲೇ ಓದಿಸುವ ಕುಟುಂಬಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಬಗ್ಗೆ ಮಾತಾಡುತ್ತೆ, ಮನೆಶಿಕ್ಷಣದ ಬಗ್ಗೆ ನೇರವಾಗಿ ಏನೂ ಹೇಳಲ್ಲ. ಹತ್ತನೇ ತರಗತಿ ಪರೀಕ್ಷೆಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದ್ರೆ ಎನ್‌ಐಒಎಸ್, ದಾರಿ ಕೊಡುತ್ತೆ. ಪರೀಕ್ಷೆಗೆ ದಾರಿ ಇದೆ, ಪಂದ್ಯಕ್ಕಿಲ್ಲ. ಪ್ರತಿಭಾ ಕಾರಂಜಿಗಾಗಲಿ, ಇಲಾಖೆಯ ತಾಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕಾಗಲಿ ಮಕ್ಕಳು ಬರೋದು ಶಾಲೆಯ ಮೂಲಕವೇ. ಇಲ್ಲಿ ಈ ಪೋಷಕರು ಹೆಚ್ಚಾಗಿ ನಗರದ ಮಧ್ಯಮ ವರ್ಗದವರು, ಖಾಸಗಿ ಕೋಚಿಂಗ್‌ಗೆ ದುಡ್ಡು ಹೊಂದಿಸಬಲ್ಲವರು, ಹಾಗಾಗಿ ಕೂಗು ಜೋರಾಗಿಲ್ಲ. ಆದರೆ ಪಿ.ಟಿ. ಮೇಷ್ಟ್ರೇ ಇಲ್ಲದ ಎಷ್ಟೋ ಸರ್ಕಾರಿ ಶಾಲೆಗಳ ಮಕ್ಕಳು ಅದೇ ಕ್ರೀಡಾಕೂಟಕ್ಕೆ ಬರ್ತಾರೆ. ಕೋಚಿಂಗ್ ಪಡೆದ ಮಗುವನ್ನು ಅವರ ಪಕ್ಕದ ಟ್ರ್ಯಾಕಿನಲ್ಲಿ ನಿಲ್ಲಿಸುವ ಮೊದಲು, ಯಾವ ಶಾಲೆಯ ಹೆಸರಲ್ಲಿ, ಯಾರ ಜಾಗದಲ್ಲಿ ಅನ್ನೋದನ್ನು ನಮ್ಮ ಇಲಾಖೆಯೂ ಬರೆದಿಡಬೇಕಾಗುತ್ತೆ.